ಹೆಡ್‌ಮಾಸ್ತರ್ ಮೀಟಿಂಗಿಗೆ ಹೋದ ದಿನ ಶಾಲೆ ಹೇಗೆ ನಡೆಯುತ್ತದೆ?

ಕಲಬುರಗಿ ಜಿಲ್ಲೆಯ ಇಜೇರಿಯಂಥ ಊರಿನ ಸರ್ಕಾರಿ ಪ್ರಾಥಮಿಕ ಶಾಲೆಯ ಮುಖ್ಯಗುರುಗಳಿಗೆ ಏನೇನು ಅಧಿಕಾರ ಇಲ್ಲ ಎಂಬುದನ್ನು ಮೊದಲು ಹೇಳಿಬಿಡುವುದು ಒಳ್ಳೆಯದು. ಶಿಕ್ಷಕರ ನೇಮಕ ಅವರ ಕೈಯಲ್ಲಿಲ್ಲ. ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ ಆಗುತ್ತದೆ, ಅದಕ್ಕೆ 2020ರ ಪ್ರತ್ಯೇಕ ಕಾಯ್ದೆಯೇ ಇದೆ. ಸಂಬಳದ ಬಿಲ್ಲು ಜೇವರ್ಗಿಯ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ತಯಾರಾಗುತ್ತದೆ. ಪಠ್ಯಪುಸ್ತಕ, ದಸರಾ ರಜೆ, ಪರೀಕ್ಷೆಯ ದಿನಾಂಕ, ಬಿಸಿಯೂಟದ ಜೊತೆ ಮೊಟ್ಟೆ ಕೊಡುವ ವಾರ, ಎಲ್ಲವೂ ಮೇಲಿಂದ ಬರುತ್ತವೆ. ಖಾಸಗಿ ಕಂಪನಿಯ ಮ್ಯಾನೇಜರನಿಗೆ ಇರುವ ಎರಡು ದೊಡ್ಡ ಅಸ್ತ್ರಗಳಾದ ಬಡ್ತಿ ಮತ್ತು ಬೋನಸ್ ಇಲ್ಲಿ ಇಲ್ಲವೇ ಇಲ್ಲ.

ಹಾಗಾದರೆ ಉಳಿಯುವುದೇನು? ಯಾವ ತರಗತಿ ಯಾರಿಗೆ, ಯಾವ ವಿಷಯ ಯಾವ ಹೊತ್ತಿಗೆ ಎಂಬ ವೇಳಾಪಟ್ಟಿ. ಸಹೋದ್ಯೋಗಿಗಳ ಸಿಎಲ್ (ಸಾಂದರ್ಭಿಕ ರಜೆ). ಶಿಕ್ಷಕರ ಸಭೆ. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ತಾನೇ ನಿಂತು ಪಾಠ ಮಾಡುವ ತರಗತಿ. ನಾಯಕತ್ವದ ಶೈಲಿ ಎಂದು ತರಬೇತಿಗಳಲ್ಲಿ ಪ್ರೊಜೆಕ್ಟರ್ ಹಾಕಿ ತೋರಿಸುವುದೆಲ್ಲ ಹಳ್ಳಿ ಶಾಲೆಯಲ್ಲಿ ಕಡೆಗೆ ಈ ಐದರಲ್ಲಿ ಹೇಗೆ ನಡೆದುಕೊಳ್ಳುತ್ತೀರಿ ಎನ್ನುವುದಕ್ಕೆ ಬಂದು ನಿಲ್ಲುತ್ತದೆ.

ಇನ್ನೊಂದು ತೊಡಕು ಹುದ್ದೆಯದು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ 1ರಿಂದ 5ನೇ ತರಗತಿಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 90ರವರೆಗೆ ಮೂವರು, 120ರವರೆಗೆ ನಾಲ್ವರು. ಮಕ್ಕಳ ಸಂಖ್ಯೆ 150 ದಾಟಿದರೆ ಮಾತ್ರ ಮುಖ್ಯ ಶಿಕ್ಷಕರ ಹುದ್ದೆ. 6ರಿಂದ 8ನೇ ತರಗತಿಗಳಿಗೆ ಈ ಗಡಿ 100. ತಾಂಡಾ, ದೊಡ್ಡಿ, ಸಣ್ಣ ಹಳ್ಳಿಗಳ ಎಷ್ಟೋ ಶಾಲೆಗಳು ಈ ಗಡಿ ಮುಟ್ಟುವುದಿಲ್ಲ. ಅಲ್ಲಿ ಇರುವವರು ‘ಪ್ರಭಾರ’ ಮುಖ್ಯಗುರುಗಳು. ಅಂದರೆ ಇರುವವರಲ್ಲಿ ಹಿರಿಯರು. ನಿನ್ನೆಯವರೆಗೆ ಪಕ್ಕದ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದವರೇ ಇಂದು ಹಾಜರಿ ಪುಸ್ತಕಕ್ಕೆ ಗೆರೆ ಎಳೆಯಬೇಕು. ಪೂರ್ತಿ ತರಗತಿಯ ಹೊರೆಯೂ ಅವರದೇ, ಬಿಸಿಯೂಟದ ದಾಸ್ತಾನು ಲೆಕ್ಕವೂ ಅವರದೇ. ಹೈಸ್ಕೂಲಿನ ಮುಖ್ಯೋಪಾಧ್ಯಾಯರು ಗೆಜೆಟೆಡ್ ಅಧಿಕಾರಿ, ಸಂಬಳ ಬಟವಾಡೆಯ ಸಹಿ ಅವರದು. ಅವರ ಮಾತಿಗೆ ಹುದ್ದೆಯ ಬಲ ಇರುತ್ತದೆ. ಪ್ರಭಾರದವರಿಗೆ ಅದೂ ಇಲ್ಲ.

ಈಗ ಶೈಲಿಯ ವಿಚಾರ. ಪಠ್ಯಗಳಲ್ಲಿ ಬರುವ ಮೂರು ಹೆಸರುಗಳು, ಅಂದರೆ ದರ್ಪದ ನಾಯಕ, ಎಲ್ಲರ ಮಾತು ಕೇಳುವ ನಾಯಕ, ಕೈಬಿಟ್ಟು ಕೂರುವ ನಾಯಕ, ಮಕ್ಕಳ ಮೇಲೆ ನಡೆದ ಒಂದು ಪ್ರಯೋಗದಿಂದ ಪ್ರಸಿದ್ಧವಾದವು. 1930ರ ದಶಕದ ಕೊನೆಯಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಕರ್ಟ್ ಲೆವಿನ್ ಮತ್ತು ಅವರ ಸಂಗಡಿಗರಾದ ರೊನಾಲ್ಡ್ ಲಿಪಿಟ್, ರಾಲ್ಫ್ ವೈಟ್ ಸೇರಿ ಹತ್ತು ಹನ್ನೊಂದು ವರ್ಷದ ಹುಡುಗರ ಸಣ್ಣ ಸಣ್ಣ ಗುಂಪು ಮಾಡಿದರು. ಹುಡುಗರು ಮುಖವಾಡ ಮಾಡುವಂಥ ಕರಕುಶಲ ಕೆಲಸಕ್ಕೆ ಕೂತರು. ದೊಡ್ಡವರು ಬೇರೆ ಬೇರೆ ರೀತಿಯಲ್ಲಿ ಅವರನ್ನು ನಡೆಸಿದರು. ಎಲ್ಲರಿಗೂ ನೆನಪಿರುವುದು ‘ಪ್ರಜಾಸತ್ತಾತ್ಮಕ ಶೈಲಿ ಗೆದ್ದಿತು’ ಎಂಬ ಸಾರಾಂಶ. ಅಂಕಿಗಳು ಅದಕ್ಕಿಂತ ಸ್ವಾರಸ್ಯವಾಗಿವೆ. ನಾಯಕ ಎದುರಿಗೆ ಇದ್ದಾಗ ದರ್ಪದ ಗುಂಪೇ ಹೆಚ್ಚು ದುಡಿಯಿತು. ತಲೆ ತಗ್ಗಿಸಿ ಒಪ್ಪಿಕೊಂಡ ಹುಡುಗರು ಶೇ 74ರಷ್ಟು ಹೊತ್ತು ಕೆಲಸದಲ್ಲಿ ಮುಳುಗಿದ್ದರು, ಪ್ರಜಾಸತ್ತಾತ್ಮಕ ಗುಂಪಿನವರು ಶೇ 50ರಷ್ಟು. ನಾಯಕ ಕೋಣೆಯಿಂದ ಹೊರಗೆ ಹೋದ ಕೂಡಲೇ ಮೊದಲನೆಯದು 29ಕ್ಕೆ ಕುಸಿಯಿತು. ಎರಡನೆಯದು 46ರಲ್ಲಿ ನಿಂತಿತು. ಕೈಬಿಟ್ಟು ಕೂತವರ ಗುಂಪಂತೂ ನಾಯಕ ಇದ್ದಾಗಲೂ 33 ದಾಟಲಿಲ್ಲ.

ಇದನ್ನು ನಮ್ಮ ಶಾಲೆಗಳಿಗೆ ಹಚ್ಚಿ ನೋಡಿ. ಅಧಿಕಾರಿಗಳು ಭೇಟಿಗೆ ಬಂದ ದಿನ ಅವರಿಗೆ ಕಾಣುವುದು 74. ಸಾಲಾಗಿ ನಿಂತ ಮಕ್ಕಳು, ಸದ್ದಿಲ್ಲದ ಕೊಠಡಿಗಳು, ‘ಶಿಸ್ತಿನ ಶಾಲೆ’ ಎಂದು ಸಂದರ್ಶಕರ ಪುಸ್ತಕದಲ್ಲಿ ಷರಾ. ಆದರೆ ಮುಖ್ಯಗುರುಗಳು ತಿಂಗಳಲ್ಲಿ ಎಷ್ಟು ಸಲ ಶಾಲೆಯಿಂದ ಹೊರಗಿರುತ್ತಾರೆ ಎಂದು ಯಾರಾದರೂ ಎಣಿಸಿದ್ದಾರೆಯೇ? ಜೇವರ್ಗಿಯಲ್ಲಿ ಮುಖ್ಯಗುರುಗಳ ಸಭೆ, ಕ್ಲಸ್ಟರ್‌ನಲ್ಲಿ ಸಮಾಲೋಚನಾ ಸಭೆ, ಬ್ಯಾಂಕು, ಭೀಮಾ ನದಿ ದಾಟಿ ಕಲಬುರಗಿಯಲ್ಲೊಂದು ಕೆಲಸ, ಅದನ್ನೂ ದಾಟಿ ಕಮಲಾಪುರದ ಡಯಟ್‌ನಲ್ಲಿ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ತರಬೇತಿ, ಚುನಾವಣೆ ಬಂದರೆ ಅದು ಬೇರೆ. ಮುಖ್ಯಸ್ಥ ಇಲ್ಲದ ದಿನಗಳೇ ಇಷ್ಟಿರುವ ಸಂಸ್ಥೆಯಲ್ಲಿ ಇದ್ದಾಗಿನ 74 ಹಿಡಿದು ಏನು ಮಾಡುವುದು? ಶಾಲೆಯ ಗುಣ ತಿಳಿಯಬೇಕಾದರೆ ಮುಖ್ಯಗುರುಗಳು ಜೇವರ್ಗಿಗೆ ಹೋದ ದಿನ ಮಧ್ಯಾಹ್ನ ಮೂರಕ್ಕೆ ಹೋಗಿ ನೋಡಬೇಕು.

ಹಾಗೆಂದು ಎಲ್ಲದಕ್ಕೂ ಸಭೆ ಕರೆದು ಕೈ ಎತ್ತಿಸುವುದು ಶಾಣ್ಯಾತನ ಅಲ್ಲ. ಕೆಲವು ಸಂಗತಿಗಳಲ್ಲಿ ಚರ್ಚೆಯೇ ಇರಬಾರದು. ಊಟ ಬಡಿಸುವ ಮುನ್ನ ಒಬ್ಬ ಶಿಕ್ಷಕರು ರುಚಿ ನೋಡಿ ವಹಿಯಲ್ಲಿ ಬರೆಯಬೇಕು. ಮಕ್ಕಳಿಗೆ ಹೊಡೆಯುವ ಹಾಗಿಲ್ಲ. ಸಿಲಿಂಡರ್ ಕೋಣೆಗೆ ಮಕ್ಕಳನ್ನು ಕಳಿಸುವ ಹಾಗಿಲ್ಲ. ಇಲ್ಲಿ ದರ್ಪವೇ ಸರಿ. ವೇಳಾಪಟ್ಟಿ, ಪರಿಹಾರ ಬೋಧನೆ, ಶಾಲಾ ಸಂಸತ್ತಿನಂಥವು ಮಾಡುವವರು ಒಪ್ಪದೆ ನಡೆಯುವುದಿಲ್ಲ. ಇನ್ನು ಪಾಠ ಮಾಡುವ ಬಗೆ. ಇಪ್ಪತ್ತು ವರ್ಷ ಒಂದನೇ ತರಗತಿ ಕಲಿಸಿದ ಟೀಚರಿಗೆ ಅಕ್ಷರ ಹೇಗೆ ಕಲಿಸಬೇಕೆಂದು ಹೇಳಹೋಗುವುದಕ್ಕಿಂತ ಬಿಟ್ಟುಬಿಡುವುದೇ ಲೇಸು. ಒಬ್ಬರೇ ಮುಖ್ಯಗುರುಗಳು ಒಂದೇ ದಿನದಲ್ಲಿ ಮೂರೂ ಬಗೆಯಲ್ಲಿ ನಡೆದುಕೊಳ್ಳಬೇಕಾಗುತ್ತದೆ. ಕಷ್ಟ ಬರುವುದು ಅದಲುಬದಲಾದಾಗ: ಊಟದ ವಿಷಯದಲ್ಲಿ ‘ನೀವೇ ನೋಡ್ಕೊಳ್ರಿ’, ಪಾಠದ ವಿಷಯದಲ್ಲಿ ‘ನಾ ಹೇಳಿದಂಗ ಮಾಡ್ರಿ’.

ವೇಳಾಪಟ್ಟಿಯ ಮೇಲೆ ಸ್ವಲ್ಪ ಹೊತ್ತು ನಿಲ್ಲೋಣ. ಮುಖ್ಯಗುರುಗಳ ಕೈಯಲ್ಲಿರುವ ಅತ್ಯಂತ ಬಲವಾದ ಕಾಗದ ಅದು, ಬಹಳ ಕಡೆ ಜೂನ್‌ನಲ್ಲಿ ಹಳೆಯದನ್ನೇ ನಕಲು ಮಾಡಿ ಗೋಡೆಗೆ ಅಂಟಿಸಿಬಿಡುತ್ತಾರೆ. ಒಂದು ಲೆಕ್ಕ ಹಿಡಿಯೋಣ. 1ರಿಂದ 7ನೇ ತರಗತಿಯ ಶಾಲೆ, 128 ಮಕ್ಕಳು. ಒಂದರಿಂದ ಮೂರರಲ್ಲಿ 52, ನಾಲ್ಕು ಐದರಲ್ಲಿ 36, ಆರು ಏಳರಲ್ಲಿ 40. ಶಿಕ್ಷಕರು ಐವರು, ಅವರಲ್ಲಿ ಒಬ್ಬರು ಪ್ರಭಾರ, ಒಬ್ಬರು ಅತಿಥಿ ಶಿಕ್ಷಕಿ. ಒಂದರಿಂದ ಮೂರು ನಲಿ-ಕಲಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಈ ಪದ್ಧತಿಯಲ್ಲಿ ಮೂರೂ ತರಗತಿಯ ಮಕ್ಕಳು ಒಟ್ಟಿಗೆ ಕೂತು, ಕಾರ್ಡು ಮತ್ತು ಕಲಿಕಾ ಏಣಿ ಹಿಡಿದು, ತಮ್ಮ ತಮ್ಮ ವೇಗದಲ್ಲಿ ಮುಂದೆ ಹೋಗುತ್ತಾರೆ. 52 ಮಕ್ಕಳಿಗೆ ಎರಡು ನಲಿ-ಕಲಿ ಕೊಠಡಿ ಬೇಕು. ನಾಲ್ಕು ಐದಕ್ಕೆ ಒಬ್ಬರು. ಆರು ಏಳಕ್ಕೆ ಇಬ್ಬರು.

ರೂಢಿಯಲ್ಲಿ ಹಂಚಿಕೆ ಹೇಗಾಗುತ್ತದೆ? ಪ್ರಭಾರದವರು ಏಳನೇ ತರಗತಿ ಇಟ್ಟುಕೊಳ್ಳುತ್ತಾರೆ. ದೊಡ್ಡ ಮಕ್ಕಳು, ಆಫೀಸಿನ ಕೆಲಸ ಬಂದರೆ ‘ಓದಿಕೋತ ಕೂಡ್ರಿ’ ಎಂದು ಎದ್ದು ಹೋಗಬಹುದು. ಹೊಸದಾಗಿ ಬಂದ ಅತಿಥಿ ಶಿಕ್ಷಕಿಗೆ ನಲಿ-ಕಲಿ. ಆಕೆಗೆ ಅದರ ತರಬೇತಿ ಆಗಿರುವುದಿಲ್ಲ, ಬರುವ ವರ್ಷ ಆಕೆ ಇರುತ್ತಾರೆಂಬ ಖಾತರಿಯೂ ಇಲ್ಲ. ಯಾರಿಗೂ ಬೇಡವಾದದ್ದು ನಾಲ್ಕು ಐದು. ಎರಡು ತರಗತಿ ಒಂದೇ ಕೋಣೆಯಲ್ಲಿ, ಕಾರ್ಡಿನ ಆಸರೆ ಇಲ್ಲ, ಪಠ್ಯಪುಸ್ತಕ ಬೇರೆ ಬೇರೆ.

ಶಾಲೆ ಸೋರುವುದು ಇಲ್ಲೇ. ಮೂರನೇ ತರಗತಿಯವರೆಗೆ ತನ್ನ ವೇಗದಲ್ಲಿ ನಡೆದ ಮಗು ನಾಲ್ಕಕ್ಕೆ ಬಂದ ಮೊದಲ ವಾರವೇ ಎಲ್ಲರ ಜೊತೆ ಒಂದೇ ಪುಟದಲ್ಲಿ ಇರಬೇಕು. ಓದು ಕೂಡಿಬರದ ಮಗು ಅಲ್ಲಿಂದ ಹಿಂದೆ ಬೀಳಲು ಶುರುವಾದರೆ ಆರನೆಯದರಲ್ಲಿ ಯಾವ ವಿಶೇಷ ತರಗತಿಯೂ ಸುಲಭವಾಗಿ ಹಿಡಿದು ತರುವುದಿಲ್ಲ. ನನ್ನ ಮಾತು ಕೇಳುವುದಾದರೆ ಪ್ರಭಾರದವರು ದಿನದ ಮೊದಲ ಎರಡು ಪಿರಿಯಡ್ ನಾಲ್ಕು ಐದನೇ ತರಗತಿಯ ಕನ್ನಡ ಮತ್ತು ಗಣಿತ ತಾವೇ ತೆಗೆದುಕೊಳ್ಳಬೇಕು. ಆ ಹೊತ್ತಿಗೆ ಕಚೇರಿಯ ಫೋನುಗಳು ಕಡಿಮೆ. ವಾಟ್ಸಾಪ್ ಗುಂಪಿಗೆ ‘ಇಂದೇ, ಈಗಲೇ’ ಎಂಬ ನಮೂನೆಗಳು ಬೀಳುವುದು ಸಾಮಾನ್ಯವಾಗಿ ಆಮೇಲೆ. ನಲಿ-ಕಲಿಗೆ ತರಬೇತಿ ಆದ ಇಬ್ಬರನ್ನು ಹಾಕಿ ಕನಿಷ್ಠ ಮೂರು ವರ್ಷ ಕದಲಿಸಬಾರದು. ಮಗು ಒಂದನೆಯದಕ್ಕೆ ಸೇರಿ ಮೂರು ಮುಗಿಸುವವರೆಗೆ ಒಬ್ಬರೇ ನೋಡಿರಲಿ. ಅತಿಥಿ ಶಿಕ್ಷಕಿಗೆ ಆಕೆಯ ಓದಿನ ವಿಷಯ, ಆರು ಏಳರಲ್ಲಿ. ಏಳನೆಯದು ತಮ್ಮದೆಂದು ಗಟ್ಟಿ ಮಾಡಿಕೊಂಡವರು ಮುಖ ಸಿಂಡರಿಸಬಹುದು. ಅದಕ್ಕೇ ಈ ಮಾತು ಶಾಲೆ ಬಾಗಿಲು ತೆರೆಯುವ ವಾರದ ಸಭೆಯಲ್ಲಿ, ಮಕ್ಕಳ ಓದಿನ ಪಟ್ಟಿ ಮೇಜಿನ ಮೇಲಿಟ್ಟುಕೊಂಡೇ ಆಗಬೇಕು. ಪಟ್ಟಿ ಇಲ್ಲದೆ ಆದರೆ ಅದು ಇವರಿಗೆ ಸಸಾರ, ಅವರಿಗೆ ಭಾರ ಎಂಬ ಜಗಳವಾಗುತ್ತದೆ.

ಅದೇ ವೇಳಾಪಟ್ಟಿಯ ಕೆಳಗೆ ಇನ್ನೊಂದು ಸಣ್ಣ ಚೌಕ ಬೇಕು: ಮುಖ್ಯಗುರುಗಳು ಇಲ್ಲದ ದಿನ ಪ್ರಾರ್ಥನೆ ಯಾರು ನಡೆಸುತ್ತಾರೆ, ಅವರ ಎರಡು ಪಿರಿಯಡ್ ಯಾರು ನೋಡುತ್ತಾರೆ, ಅಡುಗೆ ರುಚಿ ಯಾರು ನೋಡುತ್ತಾರೆ, ಬೀರುವಿನ ಕೀಲಿ ಯಾರ ಬಳಿ, ಮಗುವಿಗೆ ಜ್ವರ ಬಂದರೆ ಮನೆಗೆ ಫೋನ್ ಮಾಡುವವರು ಯಾರು. ಹೊರಗೆ ಹೋಗುವವರು ಚಲನವಲನ ವಹಿಯಲ್ಲಿ ಬರೆದು ಹೋಗುತ್ತಾರೆ, ಒಳಗೆ ಉಳಿದವರಿಗೆ ಏನು ಬರೆದಿಟ್ಟಿದೆ?

ಮುಖ್ಯಸ್ಥರು ತಾವೇ ಪಾಠಕ್ಕೆ ನಿಲ್ಲಬೇಕು ಎಂಬುದಕ್ಕೆ ಸಂಶೋಧನೆಯ ಬೆಂಬಲವೂ ಇದೆ. ನ್ಯೂಜಿಲೆಂಡಿನ ವಿವಿಯನ್ ರಾಬಿನ್ಸನ್ ಮತ್ತು ಸಂಗಡಿಗರು 2008ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ, ಯಾವ ನಾಯಕತ್ವದಿಂದ ಮಕ್ಕಳ ಕಲಿಕೆ ಎಷ್ಟು ಮೇಲೇಳುತ್ತದೆ ಎಂದು ಅಳೆದರು. ಹುರಿದುಂಬಿಸುವ, ಕನಸು ಬಿತ್ತುವ ‘ಪರಿವರ್ತನಾ’ ನಾಯಕತ್ವದ ಪರಿಣಾಮ 0.11. ಪಾಠ, ಪಠ್ಯ, ಮೌಲ್ಯಮಾಪನದಲ್ಲಿ ನೇರವಾಗಿ ಕೈ ಹಾಕುವ ನಾಯಕತ್ವದ್ದು 0.42, ಹೆಚ್ಚು ಕಡಿಮೆ ನಾಲ್ಕು ಪಟ್ಟು. ಎಲ್ಲಕ್ಕಿಂತ ಮೇಲೆ ನಿಂತದ್ದು ಶಿಕ್ಷಕರ ಕಲಿಕೆಯಲ್ಲಿ ಮುಖ್ಯಸ್ಥರು ತಾವೂ ಕಲಿಯುವವರಾಗಿ ಕೂರುವುದು: 0.84. ತರಬೇತಿಗೆ ಕಿರಿಯರನ್ನು ಕಳಿಸಿ ತಾವು ಆಫೀಸಿನಲ್ಲಿ ಉಳಿಯುವವರು ಈ ಅಂಕಿ ನೋಡಬೇಕು.

ಇದರ ಹತ್ತಿರದ ಉದಾಹರಣೆ ನೆರೆಯ ಸುರಪುರದಲ್ಲಿ ಸಿಗುತ್ತದೆ. ಯಾದಗಿರಿ ಇನ್ನೂ ಜಿಲ್ಲೆಯಾಗದೆ ಸುರಪುರ ಗುಲಬರ್ಗಾ ಜಿಲ್ಲೆಯಲ್ಲೇ ಇದ್ದ ಕಾಲಕ್ಕೆ ಶಿಕ್ಷಣ ಇಲಾಖೆ, ಯುನಿಸೆಫ್ ಮತ್ತು ಅಜೀಂ ಪ್ರೇಮ್‌ಜಿ ಫೌಂಡೇಶನ್ ಸೇರಿ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಮಕ್ಕಳಸ್ನೇಹಿ ಶಾಲಾ ಕಾರ್ಯಕ್ರಮ ನಡೆಸಿದವು. ಆ ಸೀಮೆಯಲ್ಲಿ ಬೇರೂರಿದ್ದು ಶಿಕ್ಷಕರ ಕಲಿಕಾ ಕೇಂದ್ರಗಳು. ಶಾಲೆ ಬಿಟ್ಟ ಮೇಲೆ, ರಜೆಯ ದಿನ, ಆದೇಶವಿಲ್ಲದೆ ಬಂದು ಕೂತು ಭಿನ್ನರಾಶಿ ಹೇಗೆ ಕಲಿಸುವುದೆಂದು ಮಾತಾಡುವ ಜಾಗ. ಆದೇಶವಿಲ್ಲದೆ ಎನ್ನುವುದೇ ಅಲ್ಲಿನ ತಿರುಳು.

ಶಾಲೆಯೊಳಗಿನ ಸಭೆಯಲ್ಲೂ ಇದೇ ಗಾಳಿ ತರಬಹುದು. ಸುತ್ತೋಲೆ ಓದಿ ಸಹಿ ಹಾಕಿಸಲು ಸಭೆ ಬೇಕಿಲ್ಲ, ವಾಟ್ಸಾಪ್ ಸಾಕು. ಸಭೆಗೆ ನಾಲ್ಕನೇ ತರಗತಿಯ ಐದು ಮಕ್ಕಳ ನೋಟ್‌ಬುಕ್ ತನ್ನಿ. ಒತ್ತಕ್ಷರ ಎಲ್ಲಿ ತಪ್ಪುತ್ತಿದೆ, ಕೈದಶಕ ಎಲ್ಲಿ ಬಿಟ್ಟುಹೋಗುತ್ತಿದೆ ಎಂದು ಎಲ್ಲರೂ ನೋಡಿ. ತಪ್ಪಿಗೆ ಶಿಕ್ಷಕರ ಹೆಸರು ಹಚ್ಚಬೇಡಿ. ಅರ್ಧ ತಾಸು ಸಾಕು.

ಎಸ್‌ಡಿಎಂಸಿಯ ಕಥೆ ಬೇರೆಯೇ. ವಿಜ್ಞಾನಿ ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಕಾರ್ಯಪಡೆಯ ಶಿಫಾರಸಿನ ಮೇಲೆ ಕರ್ನಾಟಕ 2001ರಲ್ಲೇ ಈ ಸಮಿತಿಗಳನ್ನು ತಂದಿತು. ಮುಂದೆ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಅದಕ್ಕೆ ಶಾಸನದ ಬಲ ಕೊಟ್ಟಿತು. ಸದಸ್ಯರಲ್ಲಿ ಮುಕ್ಕಾಲು ಪಾಲು ತಂದೆತಾಯಿ ಅಥವಾ ಪೋಷಕರು, ಒಟ್ಟು ಸದಸ್ಯರಲ್ಲಿ ಅರ್ಧ ಮಹಿಳೆಯರು. ಅಧ್ಯಕ್ಷರು ಪೋಷಕರೊಬ್ಬರು, ಮುಖ್ಯಗುರುಗಳು ಸದಸ್ಯ ಕಾರ್ಯದರ್ಶಿ, ಬ್ಯಾಂಕ್ ಖಾತೆ ಇಬ್ಬರ ಜಂಟಿ ಹೆಸರಿನಲ್ಲಿ. ಶಾಲೆಯ ಕೆಲಸ ನೋಡುವುದು, ಶಾಲಾ ಅಭಿವೃದ್ಧಿ ಯೋಜನೆ ಮಾಡುವುದು, ಅನುದಾನ ಹೇಗೆ ಖರ್ಚಾಯಿತೆಂದು ಕೇಳುವುದು ಅದರ ಹಕ್ಕು.

ಕಾಗದದಲ್ಲಿ ಇಷ್ಟು ಚಂದ. ಊರಲ್ಲಿ ಎಷ್ಟೋ ಕಡೆ ಠರಾವು ಪುಸ್ತಕವೇ ಮನೆಮನೆಗೆ ಹೋಗಿ ಸಹಿ, ಹೆಬ್ಬೆಟ್ಟು ತೆಗೆದುಕೊಂಡು ಬರುತ್ತದೆ. ಸದಸ್ಯರು ಬರುವುದಿಲ್ಲ ಎಂಬುದು ಶಾಲೆಯವರ ದೂರು. ಬರುವ ಹೊತ್ತಿಗೆ ಕರೆದಿದ್ದೀರಾ ಎಂಬುದು ನನ್ನ ಪ್ರಶ್ನೆ. ಜೇವರ್ಗಿ ಕಡೆಯ ಎರಿ ಹೊಲದಲ್ಲಿ ದೀಪಾವಳಿಯಿಂದ ಸಂಕ್ರಾಂತಿ ದಾಟುವವರೆಗೆ ಹತ್ತಿ ಬಿಡಿಸುವ, ತೊಗರಿ ಕೊಯ್ಯುವ ಸುಗ್ಗಿ. ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಎಂದರೆ ತಾಯಂದಿರಿಗೆ ಒಂದು ದಿನದ ಕೂಲಿ ಖೋತಾ. “ಕೂಲಿ ಬಿಟ್ಟು ಬಂದೀನ್ರಿ ಸರ, ಲಗೂ ಮುಗಸ್ರಿ” ಎಂದು ಬಾಗಿಲಲ್ಲೇ ನಿಂತವರ ಜೊತೆ ಯಾವ ಯೋಜನೆ ಚರ್ಚಿಸುತ್ತೀರಿ? ಅಮಾವಾಸ್ಯೆಯ ದಿನ ಒಕ್ಕಲುತನದ ಮನೆಗಳಲ್ಲಿ ಎತ್ತು ಹೂಡುವುದಿಲ್ಲ, ಮಂದಿ ಊರಲ್ಲೇ ಸಿಗುತ್ತಾರೆ. ಅಂದು ಕರೆಯಿರಿ. ಎಳ್ಳಮಾವಾಸ್ಯೆ ಒಂದನ್ನು ಬಿಡಿ, ಅಂದು ಇಡೀ ಊರು ಚರಗ ಚೆಲ್ಲಲು ಬುತ್ತಿ ಕಟ್ಟಿಕೊಂಡು ಹೊಲದಲ್ಲಿರುತ್ತದೆ. ಉಳಿದ ದಿನಗಳಲ್ಲಿ ಸಂಜೆ, ಓಣಿಯ ಗುಡಿ ಕಟ್ಟೆ ಅಥವಾ ದರ್ಗಾದ ಮುಂದೆ ಕೂತರೂ ಅದು ಸಭೆಯೇ.

ಕರೆದ ಮೇಲೆ ಏನು ಕೇಳಬೇಕು ಎನ್ನುವುದೂ ಇದೆ. ‘ಕಂಪೌಂಡ್ ಬೇಕು, ಶಾಸಕರಿಗೆ ಮನವಿ ಕೊಡೋಣ’ ಎಂಬ ಠರಾವು ಎಲ್ಲ ಪುಸ್ತಕದಲ್ಲೂ ಇರುತ್ತದೆ. ಅದಕ್ಕಿಂತ ಹತ್ತಿರದ ಪ್ರಶ್ನೆಗಳಿವೆ. ಯಾರ ಮನೆಯವರು ಗುಳೆ ಹೋಗುವವರಿದ್ದಾರೆ, ಬೆಂಗಳೂರಿಗೋ ಪುಣೆಗೋ, ಯಾವಾಗ ತಿರುಗಿ ಬರುತ್ತಾರೆ, ಮಗುವನ್ನು ಅಜ್ಜಿಯ ಬಳಿ ಬಿಡುತ್ತಾರೋ ಕರೆದೊಯ್ಯುತ್ತಾರೋ? ಇದಕ್ಕೆ ಉತ್ತರ ಗೊತ್ತಿರುವುದು ಶಿಕ್ಷಕರಿಗಿಂತ ಸಮಿತಿಯ ತಾಯಂದಿರಿಗೆ. ಅಕ್ಟೋಬರ್‌ನಲ್ಲೇ ಪಟ್ಟಿ ಸಿಕ್ಕರೆ ಋತುಮಾನದ ಹಾಸ್ಟೆಲ್‌ಗೆ ಬೇಡಿಕೆ ಸಲ್ಲಿಸಬಹುದು, ಇಲ್ಲವೇ ಅಜ್ಜಿಯನ್ನು ಒಪ್ಪಿಸಬಹುದು. ಮಗು ಹೋದ ಮೇಲೆ ಹಾಜರಿ ಪುಸ್ತಕದಲ್ಲಿ ಗೈರು ಬರೆಯುತ್ತ ಕೂರುವುದರಿಂದ ಏನೂ ಆಗುವುದಿಲ್ಲ. ಗುಳೆಯ ಪಟ್ಟಿ ತಯಾರಿಸುವ ಹೊಣೆಯನ್ನು ಒಬ್ಬ ತಾಯಿಗೆ ಹೆಸರು ಹಿಡಿದು ವಹಿಸಿದರೆ ಮುಂದಿನ ಸಭೆಗೆ ಆಕೆಯನ್ನು ಕರೆಯುವ ಕೆಲಸ ಇರುವುದಿಲ್ಲ.

ಹಣದ ವಿಷಯ ಬೇಗ ಮುಗಿಯುತ್ತದೆ, ಏಕೆಂದರೆ ಹಣವೇ ಕಡಿಮೆ. ಸಮಗ್ರ ಶಿಕ್ಷಣದ ಮಾರ್ಗಸೂಚಿಯಲ್ಲಿ ಶಾಲಾ ಸಂಯುಕ್ತ ಅನುದಾನದ ಮಿತಿ ಮಕ್ಕಳ ಸಂಖ್ಯೆಯ ಮೇಲೆ: 30ರವರೆಗೆ ವರ್ಷಕ್ಕೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000. ನಮ್ಮ 128 ಮಕ್ಕಳ ಶಾಲೆಗೆ ಹೆಚ್ಚೆಂದರೆ 50,000. ಅದರಲ್ಲಿ ಹತ್ತರಲ್ಲೊಂದು ಭಾಗ ಸ್ವಚ್ಛತೆಗೇ ಮೀಸಲು. ಬಂದ ಮೊತ್ತ, ಖರ್ಚು, ಉಳಿಕೆ ಎಂದು ಮೂರು ಸಾಲು ಹೊರಗಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುವ ಶಾಲೆಗೆ ‘ಮಾಸ್ತರು ತಿಂದರು’ ಎಂಬ ಮಾತು ಅಂಟುವುದು ಕಷ್ಟ.

ಹೈಸ್ಕೂಲುಗಳ ಒತ್ತಡ ಇನ್ನೊಂದು ಬಗೆಯದು. 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಕಲಬುರಗಿ ಜಿಲ್ಲೆ ಶೇ 42.43ರೊಂದಿಗೆ ರಾಜ್ಯದಲ್ಲೇ ಕೊನೆಗೆ ಬಂತು. ಮೊದಲ ಸ್ಥಾನದ ದಕ್ಷಿಣ ಕನ್ನಡದ್ದು ಶೇ 91.12. ಇಂಥ ಫಲಿತಾಂಶ ಬಂದಾಗ ಕಲಬುರಗಿಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಶಾಲೆಗೆ ಆದೇಶಗಳ ಸ್ವರ ಏರುತ್ತ ಹೋಗುತ್ತದೆ. ಮೇಲಿನವರು ಗದರಿದರೆ ಮುಖ್ಯೋಪಾಧ್ಯಾಯರು ಶಿಕ್ಷಕರನ್ನು ಗದರುತ್ತಾರೆ, ಅವರು ಮಕ್ಕಳನ್ನು. ಬೆಳಗಿನ ತರಗತಿ, ಸಂಜೆಯ ತರಗತಿ, ‘ಪಾಸಿಂಗ್ ಪ್ಯಾಕೇಜ್’ ಬರುತ್ತವೆ. ಆದರೆ ಹತ್ತನೇ ತರಗತಿಯಲ್ಲಿ ಪ್ರಶ್ನೆಪತ್ರಿಕೆ ಓದಲು ತಡವರಿಸುವ ಹುಡುಗನ ಲೆಕ್ಕ ನಾಲ್ಕನೇ ತರಗತಿಯ ವೇಳಾಪಟ್ಟಿಯಲ್ಲಿ ತಪ್ಪಿದ್ದು. ಹೈಸ್ಕೂಲು ಮತ್ತು ಅದಕ್ಕೆ ಮಕ್ಕಳನ್ನು ಕಳಿಸುವ ಪ್ರಾಥಮಿಕ ಶಾಲೆಗಳ ಮುಖ್ಯಸ್ಥರು ವರ್ಷಕ್ಕೆ ಎರಡು ಸಲ ಒಂದೇ ಮೇಜಿಗೆ ಕೂರುವ ಪದ್ಧತಿ ಎಲ್ಲಿದೆಯೋ ಅಲ್ಲಿ ಈ ಮಾತು ಜಗಳವಿಲ್ಲದೆ ಆಗುತ್ತದೆ. (ಒಂದೇ ಆವರಣದ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಇದು ತಾನಾಗಿಯೇ ಆಗಬೇಕಿತ್ತು. ಪ್ರಾಥಮಿಕ, ಪ್ರೌಢ, ಪಿಯು ಮೂರಕ್ಕೂ ಮುಖ್ಯಸ್ಥರಿರುವಲ್ಲಿ ಗಂಟೆ ಯಾರು ಬಾರಿಸಬೇಕು ಎಂಬುದರಿಂದಲೇ ಚರ್ಚೆ ಶುರುವಾಗುವುದುಂಟು.)

ಕಡೆಯದಾಗಿ ಚಾರ್ಜ್ ಕೊಡುವ ವಿಷಯ. ವರ್ಗಾವಣೆ, ಬಡ್ತಿ, ನಿವೃತ್ತಿಯಿಂದ ಪ್ರಭಾರ ಕೈ ಬದಲಾಯಿಸುತ್ತಲೇ ಇರುತ್ತದೆ. ಹಸ್ತಾಂತರದ ಪಟ್ಟಿಯಲ್ಲಿ ಬೀರು, ಬೆಂಚು, ಟಿವಿ, ಸಿಲಿಂಡರ್, ಉಳಿದ ಅಕ್ಕಿ ಬೇಳೆ, ಕ್ಯಾಶ್‌ಬುಕ್ಕಿನ ಶಿಲ್ಕು ಎಲ್ಲ ಇರುತ್ತವೆ. ಶಾಲೆ ನಡೆಸಲು ಬೇಕಾದದ್ದು ಅದರಲ್ಲಿ ಇರುವುದಿಲ್ಲ. ಅದಕ್ಕೆ ಎರಡು ಪುಟ ಜೋಡಿಸಬೇಕು. ಮೊದಲ ಪುಟದಲ್ಲಿ ನಾಲ್ಕು ಮತ್ತು ಐದನೇ ತರಗತಿಯಲ್ಲಿ ಇನ್ನೂ ಓದಲು ಬಾರದ ಮಕ್ಕಳ ಹೆಸರು, ಅವರಿಗೆ ಯಾರು ಏನು ಕಲಿಸುತ್ತಿದ್ದರು ಎಂಬುದು. ಎರಡನೆಯದರಲ್ಲಿ ಗುಳೆ ಹೋಗುವ ಮನೆಗಳು, ನೀರು ನಿಂತರೆ ಫೋನ್ ಮಾಡಬೇಕಾದ ಪಂಚಾಯಿತಿಯವರು, ಸಭೆಗೆ ತಪ್ಪದೆ ಬರುವ ತಾಯಂದಿರು, ಯಾವ ಶಿಕ್ಷಕರಿಗೆ ಯಾವ ತರಗತಿಯನ್ನು ಎಷ್ಟು ವರ್ಷಕ್ಕೆಂದು ಮಾತು ಕೊಡಲಾಗಿದೆ ಎಂಬುದು. ಇಬ್ಬರೂ ಸಹಿ ಹಾಕಿ, ಒಂದು ಪ್ರತಿ ಎಸ್‌ಡಿಎಂಸಿ ಅಧ್ಯಕ್ಷರ ಬಳಿ ಇಟ್ಟರೆ ಹೊಸಬರಿಗೆ ಊರು ಅರ್ಥವಾಗುವಷ್ಟರಲ್ಲಿ ಜೂನ್ ಜುಲೈ ಕಳೆದುಹೋಗುವುದು ತಪ್ಪುತ್ತದೆ.